ಅಪ್ಪನಿಗೆ ಕೇಳುವಷ್ಟು ಜೋರು

ಅಣ್ಣಾ,

ನೀನು ಎಲ್ಲಿದ್ದೀಯೋ ಗೊತ್ತಿಲ್ಲ, ಹಾಗಾಗಿ ಇದನ್ನು ಕಳಿಸುವ ಮಾತೇ ಇಲ್ಲ. ಆದರೂ ಇವತ್ತಿನ ಸುದ್ದಿ ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಅಪ್ಪನಿಗೆ ಈಗ ಕಿವಿ ಮಂದ. ನೀನು ಸೋಪಿನ ಡಬ್ಬಿಯೊಳಗೆ ಮಾಡಿಟ್ಟುಹೋದ ಪುಟ್ಟ ಆಂಪ್ಲಿಫೈಯರ್‌ಗೆ ಗಿಟಾರ್ ಜೋಡಿಸಿ ನುಡಿಸುತ್ತಿದ್ದೆ. ಅಪ್ಪ ಬಾಗಿಲಿಗೆ ಬಂದು ನಿಂತು, "ಏನೂ ಕೇಳಿಸ್ತಿಲ್ಲ ಮಗಳೇ, ಸ್ವಲ್ಪ ಜೋರು ಮಾಡು" ಅಂದರು. ಈ ಗಿಟಾರಿನ ಗಲಾಟೆಗೇ ನಿನ್ನನ್ನು ಮನೆಯಿಂದಾಚೆ ಕಳಿಸಿದವರು!

ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಸ್ವರ ಒಡೆದು ಗೊರಗೊರ ಅಂದಿತೇ ಹೊರತು ಸದ್ದು ಏರಲಿಲ್ಲ. ಅಂಗೈಯಗಲದ ಸ್ಪೀಕರ್ ಪಾಪ, ಇನ್ನೆಷ್ಟು ಕೂಗೀತು? ಅದರ ತಂತಿ ಬಿಚ್ಚಿ, ಕೆಟ್ಟುಹೋದ ಹಳೇ ರೇಡಿಯೋದ ಮರದ ಪೆಟ್ಟಿಗೆಯಲ್ಲಿದ್ದ ದೊಡ್ಡ ಸ್ಪೀಕರಿಗೆ ಬೆಸುಗೆ ಹಾಕಿದೆ. ಆಂಪ್ಲಿಫೈಯರ್ ಅದೇ, ಬ್ಯಾಟರಿಯೂ ಅದೇ; ಆದರೆ ಮೀಟಿದರೆ ಕಿಟಕಿಯ ಗಾಜು ಅದುರಿತು.

ಪಕ್ಕದ ಮನೆಯವರು ಗೋಡೆ ಗುದ್ದಿದರು. "ಗುದ್ಕೊಳ್ಲಿ ಬಿಡು, ನೀನು ನುಡಿಸು" ಎಂದು ಅಪ್ಪ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತರು. ಸ್ವಲ್ಪ ಹೊತ್ತಾದ ಮೇಲೆ ಸೋಪಿನ ಡಬ್ಬಿ ತೋರಿಸಿ ಕೇಳಿದರು: "ಇದನ್ನ ಅವನೇ ಮಾಡಿದ್ದಲ್ವಾ?"

"ಹೂಂ ಅಪ್ಪಾ."

"ಹೊತ್ತಿಗೆ ಸರಿಯಾಗಿ ಉಣ್ತಾನೋ ಇಲ್ವೋ."

ಇನ್ನೊಂದು ಹಾಡು ನುಡಿಸಿದೆ.

ನಿನ್ನ ತಂಗಿ