ಅಕ್ರೋಟ್ ಎಣ್ಣೆಯ ಹಕ್ಕಿ

ಮಾರ್ಚ್ ೧೨, ಮಂಗಳವಾರ

ತಂಗಿಯ ಮಗಳಿಗೆಂದು ಕೆತ್ತಿದ ಮರದ ಹಕ್ಕಿಗೆ ವಾರ್ನಿಷ್ ಬೇಡವೆಂದು ಹಟ ಹಿಡಿದವನು ನಾನೇ. ಅಗಸೆ ಎಣ್ಣೆಗೆ ವಾಸನೆ ಜಾಸ್ತಿ. ಅಕ್ರೋಟ್ ಎಣ್ಣೆಯನ್ನು ಮೂರು ಸಲ ಹಚ್ಚಿ ಒರೆಸಿದೆ. ರೆಕ್ಕೆಗಳು ಜೇನಿನ ಬಣ್ಣಕ್ಕೆ ತಿರುಗಿದಾಗ ಎಷ್ಟು ಹಿಗ್ಗಿದ್ದೆ!

ಸಂಜೆ ತಂಗಿ ಬಂದಳು. ಕಂಕುಳಲ್ಲಿದ್ದ ಕೂಸು ಹಕ್ಕಿಯನ್ನು ಕಸಿದುಕೊಂಡು ಸೀದಾ ಬಾಯಿಗಿಟ್ಟಿತು.

"ಏನು ಹಚ್ಚಿದ್ದೀಯ ಅಣ್ಣ?"

"ಅಕ್ರೋಟ್ ಎಣ್ಣೆ. ನೆಕ್ಕಿದ್ರೂ ಏನೂ ಆಗಲ್ಲ ಬಿಡು."

ಅವಳ ಮುಖ ಬಿಳಿಚಿಕೊಂಡಿತು. "ಅಯ್ಯೋ, ಕಿತ್ಕೋ ಅಣ್ಣ! ಹೋದ ತಿಂಗಳು ಅಕ್ರೋಟ್ ತಿಂದೇ ಇವಳ ಗಂಟಲು ಊದ್ಕೊಂಡಿದ್ದು!"

ಬಾಯಿ ತೊಳೆಸಿ ಆಸ್ಪತ್ರೆಗೆ ಓಡಿದೆವು. ಎರಡು ಗಂಟೆ ಬೆಂಚಿನ ಮೇಲೆ ಆ ಪುಟ್ಟ ತುಟಿಗಳನ್ನೇ ನೋಡುತ್ತ ಕುಳಿತೆ. ಗಲ್ಲದ ಮೇಲೆ ನಾಲ್ಕು ಗುಳ್ಳೆ ಎದ್ದವು, ಆಮೇಲೆ ಇಳಿದವು. ಡಾಕ್ಟರ್ ಮನೆಗೆ ಕಳಿಸಿದರು.

"ನೀನೇನು ಬೇಕು ಅಂತ ಮಾಡಿದ್ಯಾ, ಬಿಡಣ್ಣ" ಅಂದಳು ತಂಗಿ. ಬೈದಿದ್ದರೆ ವಾಸಿಯಿತ್ತು.

ಮಲಗಿದವನು ಎದ್ದು ಕುಳಿತಿದ್ದೇನೆ. ಅದೇ ಬಾಟಲಿಯ ಎಣ್ಣೆ ಹಚ್ಚಿದ ಆನೆ ಪಕ್ಕದ ಬೀದಿಯ ಟೀಚರ್ ಮನೆಯಲ್ಲಿದೆ, ಮೀನು ದರ್ಜಿಯ ಮೊಮ್ಮಗನ ಹತ್ತಿರ. ಇಬ್ಬರಿಗೂ ಫೋನ್ ಮಾಡಿದ್ದಾಯಿತು. ಅದೇ ಎಣ್ಣೆ ಹಚ್ಚಿದ ಗಿಲಕಿಯನ್ನು ಸಂತೆಯಲ್ಲಿ ನನ್ನಿಂದ ಕೊಂಡ ಆ ಹೆಂಗಸು ಯಾರು? ಹಸಿರು ಕೊಡೆ ಹಿಡಿದಿದ್ದಳು, ಅಷ್ಟೇ ನೆನಪು. ಮಗುವಿಗೆ ಎಂಟು ತಿಂಗಳು ಅಂದಿದ್ದಳು. ಏನೂ ಆಗಲ್ಲ ಅಂತ ಅವಳಿಗೂ ನಾನೇ...