ಹಂಪಮ್ಮನ ಕೊರಳ ಲಿಂಗ

ಜುಲೈ ೧೪, ಸೋಮವಾರ, ಮಖ್ತಲ್

ಹಂಪಮ್ಮನ ಮೇಲೆ ಇನ್ನೂ ಸಿಟ್ಟಿದೆ, ಸುಳ್ಳು ಬರೆಯಲಾರೆ. ಅವಳ ಕಾಲಿನ ಹುಣ್ಣು ಕೊಳೆತಿತ್ತು. ಓದು ಬಿಟ್ಟು ಈ ಆಸ್ಪತ್ರೆಯಲ್ಲಿ ಸಹಾಯಕಿಯಾಗಿರುವ ನಾನು, ಆಪರೇಷನ್ನಿಗೆಂದು ಅವಳ ಕೊರಳಿನ ಲಿಂಗ ಬಿಚ್ಚಲು ಕೈಹಾಕಿದೆ.

"ಹೆಣದ ಮ್ಯಾಲಿನ ಲಿಂಗಾನೂ ಬಿಚ್ಚಂಗಿಲ್ಲ, ಜೀವಂತ ಇರಾಕೀದು ಬಿಚ್ಚತೀಯೇನ? ಸಾಲಿ ಬಿಟ್ಟಾಕಿ, ಬುದ್ಧೀನೂ ಬಿಟ್ಟಿಯೇನ?" ಎಂದು ಮಂಚ ಇಳಿದು ಹೊರಟೇಬಿಟ್ಟಳು.

ಆಸ್ಪತ್ರೆ ನಡೆಸುವ ಸಿಸ್ಟರ್ ರೆಜಿನಾ ಬಾಗಿಲಲ್ಲೇ ತಡೆದರು. "ನಾವ್ಯಾರೂ ಮುಟ್ಟಂಗಿಲ್ಲವ್ವ. ನೀನ ಬಿಚ್ಚಿ ಎಡಗೈಗೆ ಕಟ್ಕೋ. ಸಲೈನ್ ಬಲಗೈಗೆ ಹಾಕ್ತೀವಿ."

ಮುದುಕಿ ಅವರ ಕೊರಳ ಶಿಲುಬೆಯನ್ನು ದಿಟ್ಟಿಸಿದಳು. "ನಿಂದು ಯಾರರ ಬಿಚ್ಚಾಕ ಬಂದ್ರ?"

"ಕೈ ಕಚ್ಚತೀನಿ," ಎಂದರು ಸಿಸ್ಟರ್.

ಹಂಪಮ್ಮ ನಕ್ಕು ಮಂಚ ಹತ್ತಿದಳು. ಆಪರೇಷನ್ನಿನಲ್ಲಿ ಎರಡು ಕಾಲ್ಬೆರಳು ಹೋದವು, ಕಾಲು ಉಳಿಯಿತು.

ಸಿಸ್ಟರ್ ನನ್ನನ್ನು ಬೈಯಲಿಲ್ಲ, ಅದೇ ಚುಚ್ಚುತ್ತಿದೆ. ಹುಣ್ಣು ತೊಳೆಯಲು ಹೇಸದ ನನಗೆ ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ. ನಾಳೆ ಅವಳ ಪಟ್ಟಿ ಬದಲಿಸುವವಳು ನಾನೇ. ಕೇಳಿಯೇ ಮುಟ್ಟುತ್ತೇನೆ. ಒದ್ದರೆ ಒದೆಯಲಿ, ಒದೆಯಲು ಕಾಲಿದೆಯಲ್ಲ...