ಮಾತ್ರೆ ಬಿಟ್ಟ ಮೇಲಿನ ಅತ್ತೆ

೧೨ ಜೂನ್ ೧೯೭೩, ಕೊಳ್ಳೇಗಾಲ

ಬೆಳಿಗ್ಗೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಮುಗಿಸುವಷ್ಟರಲ್ಲಿ ಅತ್ತೆ ಎದ್ದರು. ಸೊಂಟ ಹಿಡಿದು ಗೋಡೆಗೆ ಒರಗಿ ಕೂತರು. ಹಿತ್ತಲಲ್ಲಿ ಜಾರಿ ಬಿದ್ದು ತಿಂಗಳಾಯಿತು, ನೋವು ಇಳಿದಿಲ್ಲ. ಡಾಕ್ಟರ್ ಬರೆದ ಮಾತ್ರೆ ಕೊಟ್ಟೆ. ಅದರಲ್ಲಿ ಕೊಡೀನ್ ಇದೆಯಂತೆ — ಅಫೀಮಿನ ಜಾತಿ, ಅಂದಿದ್ದರು ಕಾಂಪೌಂಡರ್. ಸ್ವಲ್ಪ ಹೊತ್ತಿಗೆ ಮುಖ ಸಡಿಲವಾಯಿತು.

ಮದುವೆಯಾಗಿ ಆರು ವರ್ಷ. ಅತ್ತೆ ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಆಡಿದವರಲ್ಲ. ಇವತ್ತು, "ಬಾ ಇಲ್ಲಿ, ಕುಂತ್ಕೊ. ತಲೆ ಬಾಚ್ತೀನಿ" ಅಂದರು. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹಾಕಿದರು. ಒಂದು ಕೂದಲೂ ನೋಯಲಿಲ್ಲ. ಅಮ್ಮ ಹೋದ ಮೇಲೆ ಯಾರೂ...

೨೧ ಜೂನ್

ಈಗ ದಿನವೂ ಸಂಜೆ ಅತ್ತೆಯ ಮಾತು. ತಾವು ಚಿಕ್ಕ ಹುಡುಗಿಯಾಗಿದ್ದಾಗಲೇ ಯಳಂದೂರಿನಿಂದ ಈ ಮನೆಗೆ ಸೊಸೆಯಾಗಿ ಬಂದದ್ದು. ಮಗ್ಗದ ಹಿಂದೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತದ್ದು.

"ನಮ್ಮತ್ತೆ ಒಂದಿನ್ವೂ ಉಂಡ್ಯಾ ಅಂತ ಕೇಳ್ನಿಲ್ಲ ಕಣವ್ವ. ನಾನೂ ಅಂಗೇ ಆಗೋದೆ."

"ಇಲ್ಲ ಅತ್ತೆ."

"ಸುಮ್ಕಿರು. ನಂಗೊತ್ತು."

ಮಲಗುವ ಹೊತ್ತಿಗೆ ಮತ್ತೆ ನೋವು ಅಂದರು. ದಿನಕ್ಕೆ ಮೂರು ಅಂತ ಬರೆದಿದ್ದಾರೆ. ನಾಲ್ಕನೆಯದು ಕೊಟ್ಟೆ. ನರಳುವುದು ನೋಡಲಾಗಲಿಲ್ಲ, ಅದಕ್ಕೇ. ಈ ಮಾತು ನಿಂತುಹೋಗಬಾರದು ಅಂತಲೂ ಇತ್ತು ಮನಸ್ಸಿನಲ್ಲಿ.

೩ ಜುಲೈ

ಅತ್ತೆಗೆ ಮೈ ಬಿಸಿ. ಇವರು — ನನ್ನ ಯಜಮಾನರು — ಮಗ್ಗದಿಂದ ಎದ್ದು ಹೋಗಿ ಅಂಗಡಿಯಿಂದ ಜ್ವರದ ಮಾತ್ರೆ ತಂದರು. ಅದನ್ನೂ ಕೊಡುತ್ತಿದ್ದೇವೆ.

೯ ಜುಲೈ

ಊಟ ಸೇರುತ್ತಿಲ್ಲ. ವಾಂತಿ. ಬಾಗಿಲ ಬೆಳಕಿಗೆ ಕೂರಿಸಿ ನೋಡಿದೆ — ಕಣ್ಣು ಅರಿಶಿನದ ಹಾಗೆ. ಪಕ್ಕದ ಮನೆ ಗೋವಿಂದಮ್ಮ ಬಂದು, "ಕಾಮಾಲೆ ಕಣವ್ವ. ಕಿರುನೆಲ್ಲಿ ಅರ್ದು ಮಜ್ಗೇಲಿ ಕೊಡು" ಅಂದರು. ಕೊಟ್ಟೆ. ಕಕ್ಕಿಬಿಟ್ಟರು. ಸಂಜೆ ನನ್ನನ್ನು "ಸುವರ್ಣಾ" ಅಂತ ಕರೆದರು. ಅದು ಅವರ ತಂಗಿಯ ಹೆಸರು. ತೀರಿಕೊಂಡು ಎಷ್ಟೋ ವರ್ಷವಾಯಿತು. ಭಯವಾಗುತ್ತಿದೆ.

೧೦ ಜುಲೈ, ಕಾಮಗೆರೆ ಆಸ್ಪತ್ರೆ

ಬೆಳಗಿನ ಬಸ್ಸಿಗೆ ಕರೆತಂದೆವು. ಡಾಕ್ಟರಮ್ಮ ಕಣ್ಣು, ಹೊಟ್ಟೆ ಎಲ್ಲ ನೋಡಿ, ಏನೇನು ಕೊಡ್ತಿದ್ರಿ ಅಂದರು. ಎರಡೂ ಮಾತ್ರೆ ತೋರಿಸಿದೆ.

"ಈ ನೋವಿನ ಮಾತ್ರೇಲಿ ಕೊಡೀನ್ ಒಂದೇ ಅಲ್ಲ, ಜ್ವರದ ಔಷಧಿನೂ ಸೇರಿದೆ. ಅದರ ಮೇಲೆ ಜ್ವರದ ಮಾತ್ರೆ ಬೇರೆ. ಹೆಚ್ಚಾದ್ರೆ ಲಿವರ್ ತಡ್ಕೊಳಲ್ಲ. ಇದ್ರಿಂದ್ಲೇ ಅಂತ ಖಂಡಿತ ಹೇಳ್ಲಾರೆ. ಇನ್ನು ಒಂದೂ ಬೇಡ. ನೋವಿಂದು ದಿನಕ್ಕೆ ಎಷ್ಟು ಕೊಡ್ತಿದ್ರಿ?"

"ಮೂರು. ಮಲಗೋವಾಗ ಇನ್ನೊಂದು" ಅಂದೆ.

ಇವರು ತಲೆ ತಗ್ಗಿಸಿಕೊಂಡು, "ಸರಹೊತ್ನಲ್ಲಿ ನರಳೋರು... ನಾನೂ ಒಂದು ಕೊಡ್ತಿದ್ದೆ, ಡಾಕ್ಟ್ರಮ್ಮ" ಅಂದರು.

ನಾನು ಅವರಿಗೆ ಹೇಳಿರಲಿಲ್ಲ. ಅವರು ನನಗೆ ಹೇಳಿರಲಿಲ್ಲ.

"ಉಳೀತಾರಾ?" ಅಂದೆ.

"ಲಿವರ್ ಕೆಲಸ ನಿಲ್ಲಿಸ್ತಾ ಇದೆ. ಕಾದು ನೋಡ್ಬೇಕು."

೧೧ ಜುಲೈ

ಗುರುತು ಹಿಡಿಯುತ್ತಿಲ್ಲ. ಜೋರಾಗಿ ಕೂಗಿದರೆ ಕಣ್ಣು ತೆರೆದು ಮುಚ್ಚುತ್ತಾರೆ. ಗ್ಲೂಕೋಸ್ ಹಾಕಿದ್ದಾರೆ. ಇವರು ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದರು. ಹೋಗಿ ಪಕ್ಕದಲ್ಲಿ ನಿಂತೆ.

"ನೀನೊಬ್ಳೇ ಕೊಟ್ಟಿದ್ದಲ್ಲ" ಅಂದರು.

ಇಬ್ಬರೂ ಒಳಗೆ ಬಂದೆವು.

೧೬ ಜುಲೈ

ಕಣ್ಣು ಬಿಟ್ಟರು. ಮೇಲಿನ ತೊಲೆ ನೋಡಿದರು, ನನ್ನನ್ನು ನೋಡಿದರು. "ಭಾಗ್ಯಾ, ವಸಿ ನೀರು." ನನ್ನ ಹೆಸರೇ ಕರೆದರು.

ಚಮಚದಲ್ಲಿ ಕುಡಿಸಿದೆ. ಅರ್ಧ ಕುತ್ತಿಗೆಗೇ ಹೋಯಿತು. ಡಾಕ್ಟರಮ್ಮ, ಗಂಡಾಂತರ ಕಳೀತು, ಆದರೆ ಮೊದಲಿನ ಲಿವರ್ ಅಲ್ಲ, ಜೋಪಾನ ಅಂದರು.

೪ ಆಗಸ್ಟ್, ಮನೆ

ಮಾತ್ರೆ ಇಲ್ಲ. ನೋವು ಇದೆ. ಹೊತ್ತುಹೊತ್ತಿಗೆ ಉಪ್ಪಿನ ಶಾಖ ಕೊಡುತ್ತೇನೆ, ಹಲ್ಲು ಕಚ್ಚಿಕೊಂಡು ಮಲಗುತ್ತಾರೆ. ಮಾತೂ ಇಲ್ಲ. ಇವತ್ತು ಆಡಿದ್ದು ಎರಡು — ಒಲೆ ಉರಿ ಜಾಸ್ತಿ, ಸಾರು ಸಪ್ಪೆ. ಹಳೆಯ ಅತ್ತೆ. ತಲೆ ನಾನೇ ಬಾಚಿಕೊಂಡೆ.

ಬದುಕಿದ್ದಾರಲ್ಲ, ಅದೇ ಸಾಕು. ಸಾಕು ಅಂತ ಬರೆಯುತ್ತೇನೆ, ಆದರೂ...

೧೧ ಆಗಸ್ಟ್, ಮಧ್ಯಾಹ್ನ

ಶಾಖ ಕೊಡುವಾಗ ಗೋಡೆ ಕಡೆ ಮುಖ ಮಾಡಿಕೊಂಡೇ ಕೇಳಿದರು.

"ಆ ಮಾತ್ರೆ ಮತ್ತಲ್ಲಿ ಏನೇನೋ ಆಡ್ಬುಟ್ನಾ ನಾನು?"

"ಏನಿಲ್ಲ ಅತ್ತೆ. ಮತ್ತಿನ ಮಾತು, ಬುಡಿ."

ಗೋಡೆಯ ಸುಣ್ಣ ಉಗುರಿನಿಂದ ಕೆರೆದರು.

"ಮತ್ತು ಬಾಯಿ ಬುಡಿಸ್ತು ಕಣೆ. ಮಾತು ನಂದೇಯಾ."

ಶಾಖದ ಗಂಟು ನನ್ನ ಕೈಯಲ್ಲೇ ಆರಿಹೋಯಿತು. ಹೊದಿಕೆ ಸರಿಮಾಡಿ ಎದ್ದು ಬಂದೆ.

ನಡುಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅತ್ತೆ ಎದ್ದಿದ್ದಾರೆ — ಗೋಡೆ ಹಿಡಿದುಕೊಂಡು ಒಬ್ಬರೇ ಬರುತ್ತಿದ್ದಾರೆ. "ಅದೇನ್ ಬರೀತಾ ಕುಂತಿದ್ದೀಯೆ, ವಸಿ ಓದು ನಂಗೂವೆ" ಅನ್ನುತ್ತಿದ್ದಾರೆ. ಕೈ ಕೊಡಬೇಕು. ಚಾಪೆಯಲ್ಲಿ ಜಾಗ ಮಾಡಿ ಕೂರಿಸಿ, ತಲೆ ಬಾಚಿದ ದಿನದಿಂದಲೇ ಓದುತ್ತೇನೆ.